ಹಳೆಯ ಯೆಜ್ಡಿಯ ಪೆಟ್ರೋಲ್ ಟ್ಯಾಂಕ್: ಎರಡನೇ ಬಾರಿ ತುಕ್ಕು ತೆಗೆದ ಒಂದು ಪ್ರಕರಣ

ಇಲ್ಲಿ ವಿವರಿಸುತ್ತಿರುವ ಟ್ಯಾಂಕು ನನ್ನ ಭಾವನವರ ಮನೆಯ 1987ರ ಯೆಜ್ಡಿ ರೋಡ್‌ಕಿಂಗ್ ಬೈಕಿನದು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಹಾಕಿತು. ಆದ್ದರಿಂದ ಅಲ್ಲಿಂದ ಹೊರಬಂದ ಬೈಕುಗಳ ಟ್ಯಾಂಕಿನ ಒಳಗೋಡೆಯಲ್ಲಿ ತುಕ್ಕು ಕಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಈ ಟ್ಯಾಂಕಿಗೆ ಒಮ್ಮೆ ಚಿಕಿತ್ಸೆ ಆಗಿತ್ತು. 2019ರಲ್ಲಿ ಪಟ್ಟಣದ ಒಂದು ಗ್ಯಾರೇಜಿನಲ್ಲಿ ಆಸಿಡ್ ಹಾಕಿ ತೊಳೆದು, ಒಳಗೆ ಬಿಳಿಯ ಲೇಪ ಹಚ್ಚಿ, ಇನ್ನು ಜನ್ಮಕ್ಕೂ ತುಕ್ಕಿನ ಮಾತಿಲ್ಲವೆಂದು ಹೇಳಿ ಕಳಿಸಿದ್ದರು. ಅದೇ ಲೇಪ ಐದು ವರ್ಷಗಳ ನಂತರ ಎದ್ದು ಬಂದು ಬೈಕನ್ನು ನಿಲ್ಲಿಸಿತು. ಯಾರೂ ಕೈಯಾಡಿಸದ ಟ್ಯಾಂಕಿನ ತುಕ್ಕು ತೆಗೆಯುವ ವಿಧಾನವನ್ನು ಹಲವರು ಬಲ್ಲರು. ಒಮ್ಮೆ ಕೈಯಾಡಿಸಿ ಕೆಟ್ಟ ಟ್ಯಾಂಕನ್ನು ಮತ್ತೆ ಸರಿಪಡಿಸುವುದು ಬೇರೆಯೇ ಕೆಲಸವಾದ್ದರಿಂದ ಇದನ್ನು ವಿವರವಾಗಿ ದಾಖಲಿಸುತ್ತಿದ್ದೇನೆ.

ದೂರು

ಭಾವನವರ ಮನೆ ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ನಡುವೆ ಇದೆ. ಅವರ ತಂದೆಯವರು ಕೊಂಡಿದ್ದ ಬೈಕು 2009ರಿಂದ ಹತ್ತು ವರ್ಷ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ, ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲು ಉಳಿದಿದ್ದ ಹಾಗೆಯೇ ನಿಂತಿತ್ತು. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು. ಬೈಕು ದಿನವೂ ಓಡುತ್ತಿರುವವರೆಗೆ ಈ ಆಯಿಲು ಟ್ಯಾಂಕಿನ ಗೋಡೆಗೆ ತೆಳುವಾಗಿ ಸವರಿಕೊಂಡು ಕಬ್ಬಿಣವನ್ನು ಕಾಯುತ್ತದೆ. ನಿಂತ ಬೈಕಿನಲ್ಲಿ ಹಾಗಾಗುವುದಿಲ್ಲ. ಪೆಟ್ರೋಲು ಆರಿ, ಆಯಿಲು ಮತ್ತು ಅಂಟು ತಳ ಸೇರಿ, ಮೇಲಿನ ಗೋಡೆ ಬರಿದಾಗುತ್ತದೆ. ಹಗಲಿನ ಬಿಸಿಗೆ ಟ್ಯಾಂಕು ಉಸಿರು ಬಿಟ್ಟು, ರಾತ್ರಿಯ ತಂಪಿಗೆ ಮುಚ್ಚಳದ ಸಂದಿಯಿಂದ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಾಲ್ಕು ತಿಂಗಳು ಬಟ್ಟೆಯೂ ಒಣಗದ ಮಲೆನಾಡಿನ ಮಳೆಗಾಲದಲ್ಲಿ ಹಾಗೆ ಒಳಗೆ ಹೋಗುವ ಗಾಳಿಯಲ್ಲಿ ಎಷ್ಟು ತೇವವಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

2019ರ ರಿಪೇರಿಯ ನಂತರ ಐದು ವರ್ಷ ಬೈಕು ಚೆನ್ನಾಗಿಯೇ ಓಡಿತು. 2024ರ ಮಳೆಗಾಲ ಮುಗಿದ ಮೇಲೆ ಹೊಸದೊಂದು ಚಾಳಿ ಶುರುವಾಯಿತು. ಮೂರು ನಾಲ್ಕು ಕಿಲೋಮೀಟರ್ ಸರಿಯಾಗಿ ಓಡಿ, ಏರಿನಲ್ಲಿ ಮುಗ್ಗರಿಸಿ ನಿಂತುಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟು ಒದ್ದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತಿತ್ತು. ಊರಿನ ಮೆಕ್ಯಾನಿಕ್ ಕಾರ್ಬೊರೇಟರನ್ನು ನಾಲ್ಕು ಬಾರಿ ಬಿಚ್ಚಿ ತೊಳೆದರು, ಪಾಯಿಂಟ್ ಮತ್ತು ಕಂಡೆನ್ಸರ್ ಬದಲಿಸಿದರು, ಕೊನೆಗೆ ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲನ್ನೂ ಬದಲಿಸಿದರು. ಬಿಸಿಯಾದಾಗ ನಿಂತು, ತಣಿದಾಗ ಚಾಲೂ ಆಗುವುದು ಕಾಯಿಲ್ ಹೋಗಿರುವುದರ ಲಕ್ಷಣವೂ ಹೌದಾದ್ದರಿಂದ ಅವರ ಊಹೆಯಲ್ಲಿ ತಪ್ಪಿರಲಿಲ್ಲ. ಆದರೆ ಟ್ಯಾಂಕಿನ ಕಡೆಗೆ, ಅದು ಸೀಲ್ ಆಗಿರುವ ಟ್ಯಾಂಕೆಂಬ ಕಾರಣಕ್ಕೆ, ಯಾರೂ ನೋಡಲಿಲ್ಲ.

2025ರ ಜನವರಿಯಲ್ಲಿ ನಾನು ಹೋದಾಗ ಮೊದಲು ಮಾಡಿದ್ದು ಒಂದು ಸರಳ ಪರೀಕ್ಷೆ. ಕಾರ್ಬೊರೇಟರಿನ ಬದಿಯಲ್ಲಿ ಪೆಟ್ರೋಲ್ ಪೈಪನ್ನು ಕಿತ್ತು, ಅರ್ಧ ಲೀಟರಿನ ಎರಡು ಬಾಟಲಿಗಳನ್ನು ಒಂದಾದ ಮೇಲೊಂದು ಹಿಡಿದು, ಟ್ಯಾಂಕಿನ ತಳದ ಕಾಕ್ (ಪೆಟ್ರೋಲಿನ ನಲ್ಲಿ) ತೆರೆದು ಗಡಿಯಾರ ನೋಡಿದೆವು. ಮೊದಲ ಬಾಟಲಿ ಒಂದು ನಿಮಿಷದೊಳಗೆ ತುಂಬಿತು. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಧಾರೆ ನೂಲಿನಂತಾಗಿ, ಆಮೇಲೆ ತೊಟ್ಟಿಕ್ಕತೊಡಗಿತು. ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದ್ದರೂ ಹೀಗಾಗಬಹುದಾದ್ದರಿಂದ ಮುಚ್ಚಳ ತೆಗೆದಿಟ್ಟು ಮತ್ತೊಮ್ಮೆ ನೋಡಿದೆವು, ಫಲಿತಾಂಶ ಬದಲಾಗಲಿಲ್ಲ. ಕಾಕ್ ಮುಚ್ಚಿ ಐದು ನಿಮಿಷ ಬಿಟ್ಟು ತೆರೆದರೆ ಮತ್ತೆ ತುಂಬು ಧಾರೆ. ಟಾರ್ಚ್ ಬಿಟ್ಟು ಒಳಗೆ ಇಣುಕಿದಾಗ ಕಾರಣ ಕಣ್ಣಿಗೇ ಬಿತ್ತು. ಕಾಸಿದ ಹಾಲಿನ ಮೇಲಿನ ಕೆನೆಯಂತೆ ಬಿಳಿಯ ಲೇಪದ ಹಾಳೆಯೊಂದು ತಳದಿಂದ ಎದ್ದು ತೇಲುತ್ತಿತ್ತು. ಪೆಟ್ರೋಲು ಹರಿಯುವಾಗ ಅದು ನಿಧಾನವಾಗಿ ಕಾಕಿನ ಜಾಲರಿಯ ಮೇಲೆ ಬಂದು ಕೂರುತ್ತಿತ್ತು. ಹರಿವು ನಿಂತಾಗ ಬಿಟ್ಟುಕೊಂಡು ಮೇಲೇಳುತ್ತಿತ್ತು. ಕಾರ್ಬೊರೇಟರನ್ನು ನಲವತ್ತು ಬಾರಿ ತೊಳೆದಿದ್ದರೂ ಈ ದೂರು ಹೋಗುತ್ತಿರಲಿಲ್ಲ.

ಚಕ್ಕೆಯ ಹಿಂಬದಿ

ಪೆಟ್ರೋಲನ್ನು ಪೂರ್ತಿ ಇಳಿಸಿ, ಸೈಕಲ್ ಚಕ್ರದ ಕಡ್ಡಿಯ ತುದಿಯನ್ನು ಕೊಕ್ಕೆ ಮಾಡಿಕೊಂಡು ಅಂಗೈ ಅಗಲದ ಒಂದು ಚಕ್ಕೆಯನ್ನು ಹೊರಗೆಳೆದೆವು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿಕೊಟ್ಟದ್ದು ಆ ಚಕ್ಕೆ. ಅದರ ಮೇಲ್ಮೈ ನುಣುಪಾಗಿ, ಬೆಳ್ಳಗಿತ್ತು. ಹಿಂಬದಿ ಮಾತ್ರ ಕೆಂಪು ಮಣ್ಣಿನ ಗೋಡೆಗೆ ಅಂಟಿಸಿ ಕಿತ್ತ ಕಾಗದದಂತೆ, ಉದ್ದಗಲಕ್ಕೂ ತುಕ್ಕಿನ ಪುಡಿಯಿಂದ ತುಂಬಿತ್ತು. ಎಲ್ಲಿಯೂ ಬರಿಯ ಲೋಹದ ಅಚ್ಚು ಕಾಣಲಿಲ್ಲ. ಎಂದರೆ 2019ರಲ್ಲಿ ಲೇಪ ಹಿಡಿದುಕೊಂಡದ್ದು ಕಬ್ಬಿಣವನ್ನಲ್ಲ, ಕಬ್ಬಿಣದ ಮೇಲೆ ಉಳಿದಿದ್ದ ತುಕ್ಕನ್ನು. ಹಕ್ಕಳೆಯ ಮೇಲೆ ಪಟ್ಟಿ ಅಂಟಿಸಿದರೆ ಹಕ್ಕಳೆ ಉದುರುವಾಗ ಪಟ್ಟಿಯೂ ಉದುರುತ್ತದೆ.

ಇದಕ್ಕೆ ಎಥನಾಲ್ ಬೆರೆತ ಪೆಟ್ರೋಲೇ ಕಾರಣವೆಂದು ಭಾವನವರು ವಾದಿಸಿದರು. ವಾದದಲ್ಲಿ ಸ್ವಲ್ಪ ಹುರುಳಿದೆ. ಶೇ. 20ರಷ್ಟು ಎಥನಾಲ್ ಇರುವ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ಸಿಕ್ಕಿತು, ಮುಂದಿನ ಎರಡು ವರ್ಷಗಳಲ್ಲಿ ಅದು ದೇಶದ ಬಹುತೇಕ ಬಂಕುಗಳನ್ನು ತಲುಪಿತು. ಎಥನಾಲಿಗೆ ನೀರನ್ನು ಎಳೆದುಕೊಳ್ಳುವ ಗುಣವಿದೆ. ಬರಿಯ ಪೆಟ್ರೋಲಿನೊಂದಿಗೆ ನೀರು ಬೆರೆಯುವುದಿಲ್ಲ, ಎಥನಾಲಿದ್ದರೆ ಒಂದು ಮಿತಿಯವರೆಗೆ ಬೆರೆತುಕೊಂಡಿದ್ದು, ಮಿತಿ ದಾಟಿದಾಗ ನೀರು ಮತ್ತು ಎಥನಾಲ್ ಎರಡೂ ಸೇರಿ ಬೇರೆಯ ಪದರವಾಗಿ ತಳಕ್ಕೆ ಇಳಿಯುತ್ತವೆ. ಹಳೆಯ ಬಗೆಯ ಕೆಲವು ಲೇಪಗಳು ಆಲ್ಕೋಹಾಲಿಗೆ ಮೆತ್ತಗಾಗುತ್ತವೆ ಎಂಬುದೂ ನಿಜ. ನಾವು ಕಿತ್ತ ಚಕ್ಕೆಯ ತುಂಡುಗಳನ್ನು ಮೂರು ಗಾಜಿನ ಶೀಸೆಗಳಲ್ಲಿ, ಒಂದಕ್ಕೆ ಬಂಕಿನ ಪೆಟ್ರೋಲು, ಒಂದಕ್ಕೆ ಪೇಂಟರುಗಳ ಥಿನ್ನರ್, ಒಂದಕ್ಕೆ ಅಸಿಟೋನ್ ಹಾಕಿ ಇಟ್ಟೆವು. ಬೆಳಗಾಗುವಷ್ಟರಲ್ಲಿ ಪೆಟ್ರೋಲಿನ ತುಂಡು ಬಾಗುವಷ್ಟು ಮೆತ್ತಗಾಗಿತ್ತು, ಆದರೆ ಕರಗಿರಲಿಲ್ಲ. ಅಸಿಟೋನಿನದು ಒಂದೇ ಗಂಟೆಯಲ್ಲಿ ಗೋಂದಾಗಿತ್ತು. ಹಾಗಾಗಿ ನನ್ನ ತೀರ್ಮಾನವೇನೆಂದರೆ, ಎಥನಾಲು ಲೇಪವನ್ನು ಸಡಿಲಿಸಿದ್ದಿರಬಹುದು, ಆದರೆ ಬುಡದಲ್ಲಿ ಲೋಹದ ಹಿಡಿತವಿದ್ದಿದ್ದರೆ ಅದು ಹಾಳೆಹಾಳೆಯಾಗಿ ಏಳುತ್ತಿರಲಿಲ್ಲ. ಕಾಕಿನ ಸುತ್ತ ಎರಡು ಬೆರಳಗಲದಷ್ಟು ಜಾಗದಲ್ಲಿ ಅದೇ ಲೇಪ, ಅದೇ ಪೆಟ್ರೋಲನ್ನು ಕುಡಿದೂ, ಉಗುರಿಗೆ ಜಗ್ಗದಂತೆ ಗಟ್ಟಿಯಾಗಿ ನಿಂತಿತ್ತು. ಬಹುಶಃ ಆ ಜಾಗಕ್ಕೆ ಕೈ ಎಟುಕಿದ್ದರಿಂದ ಅಲ್ಲಿ ಮಾತ್ರ ಉಜ್ಜಿದ್ದರು.

ಹೊಸ ಟ್ಯಾಂಕು ತರುವ ಯೋಚನೆಯನ್ನೂ ಮಾಡಿದೆವು. ನೋಡಿದ ಒಂದು ಟ್ಯಾಂಕು ಫ್ರೇಮಿನ ರಬ್ಬರುಗಳ ಮೇಲೆ ಸರಿಯಾಗಿ ಕೂರಲಿಲ್ಲ. ಅಲ್ಲದೆ ತಂದೆಯವರ ಕಾಲದ ಟ್ಯಾಂಕನ್ನು ಗುಜರಿಗೆ ಹಾಕಲು ಅಕ್ಕ ಒಪ್ಪಲಿಲ್ಲ.

ಹಳೆಯ ಲೇಪವನ್ನು ತೆಗೆದದ್ದು

ಶೀಸೆಯ ಪರೀಕ್ಷೆಯಿಂದ ಅಸಿಟೋನೇ ಸರಿಯೆಂದು ಗೊತ್ತಾಗಿತ್ತು. ಅಸಿಟೋನು ಪೆಟ್ರೋಲಿನಷ್ಟೇ ಸಲೀಸಾಗಿ ಹೊತ್ತಿಕೊಳ್ಳುವ ದ್ರವ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ, ದೂರದ ಒಲೆಯ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಮಲೆನಾಡಿನ ಮನೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಚ್ಚಲೊಲೆ ಉರಿಯುತ್ತಲೇ ಇರುವುದರಿಂದ, ಆ ದಿನ ಒಲೆ ಹಚ್ಚುವುದು ಬೇಡವೆಂದು ಮೊದಲೇ ಹೇಳಿ, ಮನೆಯಿಂದ ದೂರದ ಅಡಿಕೆ ಅಂಗಳದಲ್ಲಿ ಕೆಲಸಕ್ಕೆ ಕೂತೆವು. ರಬ್ಬರ್ ಕೈಗವಸು ಹಾಕಿಕೊಂಡು, ಗಾಳಿ ಬೀಸುವ ಕಡೆಗೆ ಬೆನ್ನು ಕೊಟ್ಟು ಕೂತಿದ್ದೆವು.

ಕಾಕಿನ ರಂಧ್ರಕ್ಕೆ ಅಳತೆಯ ಬೋಲ್ಟು ಬಿಗಿದು, ಎರಡು ಲೀಟರ್ ಅಸಿಟೋನ್ ಸುರಿದು, ಮುಚ್ಚಿ, ಹದಿನೈದು ನಿಮಿಷಕ್ಕೊಮ್ಮೆ ಟ್ಯಾಂಕನ್ನು ಮಗ್ಗುಲು ಬದಲಿಸಿ ಇಡುತ್ತ ಹೋದೆವು. ಎರಡು ಗಂಟೆಯ ನಂತರ ಸುರಿದಾಗ ಹೊರಬಂದದ್ದು ಥೇಟ್ ಹಲಸಿನ ಮೇಣ. ಕೊಕ್ಕೆಗೆ ಸುತ್ತಿಕೊಂಡು ಎಳೆದರೆ ನೂಲು ನೂಲಾಗಿ ಬರುತ್ತಿತ್ತು; ಕೈಗವಸಿಗೆ ತಗುಲಿದರೆ ಬಿಡುತ್ತಿರಲಿಲ್ಲ. ಹೀಗೆ ಮೂರು ಸುತ್ತು ಆದ ಮೇಲೆ, ಮೊಬೈಲಿಗೆ ಸಿಕ್ಕಿಸುವ ತೆಳುವಾದ ಕ್ಯಾಮೆರಾ ಇಳಿಸಿ ನೋಡಿದಾಗ, ಫ್ರೇಮಿನ ಮೇಲೆ ಕೂರುವ ನಡುಗಾಲುವೆಯ ಎರಡು ಬದಿಯಲ್ಲಿ ಇನ್ನೂ ಬಿಳಿಯ ತೇಪೆಗಳು ಉಳಿದಿದ್ದವು. ಅವನ್ನು ಬಿಡಿಸಲು ನಾಲ್ಕನೇ ಸುತ್ತು ಬೇಕಾಯಿತು. ಇಷ್ಟು ಎಚ್ಚರ ವಹಿಸಿದರೂ ಮುಚ್ಚಳದ ಹತ್ತಿರ ಒಂದು ಹನಿ ಬಣ್ಣದ ಮೇಲೆ ಬಿದ್ದು, ಒರೆಸುವಷ್ಟರಲ್ಲಿ ಎಂಟಾಣೆಯಗಲದ ಕಲೆ ಮಾಡಿತು. ಟ್ಯಾಂಕಿನ ಬಾಯಿಯ ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆವು. ಸುರಿಯುವಾಗ ಅನುಕೂಲಕ್ಕೆಂದು ಅದನ್ನು ಸರಿಸಿದ್ದು ನಾನೇ.

ತುಕ್ಕು

ಲೇಪ ಹೋದ ಮೇಲೆ ಟ್ಯಾಂಕಿನ ನಿಜವಾದ ಸ್ಥಿತಿ ಕಂಡಿತು. ತಳದಲ್ಲಿ ಕಪ್ಪು-ಕೆಂಪು ಹಕ್ಕಳೆ, ಮೇಲಿನ ಗೋಡೆಯಲ್ಲಿ ತೆಳುವಾದ ಕಿತ್ತಳೆ ಬಣ್ಣದ ಪುಡಿ. ದಪ್ಪ ಹಕ್ಕಳೆಯನ್ನು ಆಸಿಡ್ಡಿನಿಂದಲೇ ಕರಗಿಸಲು ಹೊರಟರೆ, ಅದು ಕರಗುವಷ್ಟರಲ್ಲಿ ತೆಳು ತುಕ್ಕಿದ್ದ ಜಾಗದಲ್ಲಿ ಕಬ್ಬಿಣವೇ ಸವೆದಿರುತ್ತದೆ. ಟ್ಯಾಂಕಿನ ತಗಡು ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ್ದು. ಅದರಲ್ಲಿ ದುಂದು ಮಾಡಲು ಜಾಗವಿಲ್ಲ. ಆದ್ದರಿಂದ ಮೊದಲು ಉದುರುವುದನ್ನೆಲ್ಲ ಉದುರಿಸಬೇಕು. ಐವತ್ತು ಸಣ್ಣ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ, ಒಂದಿಷ್ಟು ಸೋಪಿನ ನೀರು ಸೇರಿಸಿ, ಟ್ಯಾಂಕಿಗೆ ಕಂಬಳಿ ಸುತ್ತಿ, ಇಬ್ಬರು ಎರಡು ಬದಿಯಲ್ಲಿ ಹಿಡಿದು ಕೇರುವ ಹಾಗೆ ಅಲುಗಾಡಿಸಿದೆವು. ಅರ್ಧ ಗಂಟೆ ಒಂದು ಮಗ್ಗುಲು, ಅರ್ಧ ಗಂಟೆ ಇನ್ನೊಂದು. ಮರಳು ಅಥವಾ ಜಲ್ಲಿ ಹಾಕುವವರಿದ್ದಾರೆ. ಮರಳಿನ ಕೊನೆಯ ಕಣ ಯಾವಾಗ ಹೊರಬಂತೆಂದು ತಿಳಿಯುವ ದಾರಿಯಿಲ್ಲ, ನಟ್ಟುಗಳನ್ನಾದರೆ ಎಣಿಸಬಹುದು. ಎಣಿಸಿದಾಗ ನಲವತ್ತೊಂಬತ್ತು ಬಂದವು. ಐವತ್ತನೆಯದು ನಡುಗಾಲುವೆಯ ಹಿಂದಿನ ಮೂಲೆಯಲ್ಲಿ ಸಿಕ್ಕಿಕೊಂಡಿದ್ದು, ಅದನ್ನು ಸೈಕಲ್ ಕಡ್ಡಿಯಿಂದ ಬಿಡಿಸಲು ಐವತ್ತನ್ನೂ ಸೇರಿಸಿ ಅಲುಗಾಡಿಸಿದಷ್ಟೇ ಹೊತ್ತು ಹಿಡಿಯಿತು.

ರಾಸಾಯನಿಕದ ಆಯ್ಕೆಯಲ್ಲಿ ಚರ್ಚೆ ನಡೆಯಿತು. ಪಕ್ಕದ ಮನೆಯವರು ಶೌಚಾಲಯ ತೊಳೆಯುವ ಆಸಿಡ್ ಸಾಕೆಂದರು. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕನ್ನು ನಿಮಿಷಗಳಲ್ಲಿ ತಿನ್ನುತ್ತದೆ, ಅದೇ ವೇಗದಲ್ಲಿ ಕಬ್ಬಿಣವನ್ನೂ ತಿನ್ನುತ್ತದೆ, ಹೊಗೆಯಾಡಿ ಹತ್ತಿರವಿದ್ದ ಉಕ್ಕಿನ ಸಾಮಾನಿಗೂ ತುಕ್ಕು ಹಿಡಿಸುತ್ತದೆ. 2019ರಲ್ಲಿ ಹಾಕಿದ್ದೂ ಅದೇ ಇರಬೇಕೆಂದು ನನ್ನ ಗುಮಾನಿ. ಇನ್ನೊಂದು ದಾರಿ ವಿದ್ಯುತ್ತಿನದು: ವಾಷಿಂಗ್ ಸೋಡಾ ಕದಡಿದ ನೀರು ತುಂಬಿ, ಟ್ಯಾಂಕಿಗೆ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನೂ, ಟ್ಯಾಂಕಿಗೆ ತಾಗದಂತೆ ಇಳಿಬಿಟ್ಟ ಕಬ್ಬಿಣದ ಸರಳಿಗೆ ಧನ ತಂತಿಯನ್ನೂ ಕೊಡುವುದು. ಇದರಲ್ಲಿ ಒಳ್ಳೆಯ ಕಬ್ಬಿಣಕ್ಕೆ ಹಾನಿಯಿಲ್ಲವೆಂಬುದು ದೊಡ್ಡ ಲಾಭ. ಸ್ಟೇನ್‌ಲೆಸ್ ಸ್ಟೀಲಿನ ಸರಳನ್ನು ಮಾತ್ರ ಬಳಸಬಾರದು. ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಆದರೆ ಈ ವಿಧಾನ ಸರಳಿಗೆ ಎದುರಾಗಿರುವ ಗೋಡೆಯ ಮೇಲೆ ಚೆನ್ನಾಗಿ ನಡೆಯುತ್ತದೆ, ನಡುಗಾಲುವೆಯ ಮರೆಯಲ್ಲಿರುವ ಮೂಲೆಗಳಲ್ಲಿ ಕುಂಟುತ್ತದೆ. ನಮ್ಮ ಟ್ಯಾಂಕಿನ ಕೆಟ್ಟ ತುಕ್ಕೆಲ್ಲ ಆ ಮೂಲೆಗಳಲ್ಲಿಯೇ ಇತ್ತು.

ಕೊನೆಗೆ ಆರಿಸಿದ್ದು ಸಿಟ್ರಿಕ್ ಆಮ್ಲ, ಎಂದರೆ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಬಿಳಿಯ ಹರಳು. ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಹಚ್ಚಿ ತಿಕ್ಕುವ ಮನೆಯಲ್ಲಿ ಈ ತರ್ಕವನ್ನು ವಿವರಿಸುವ ಅಗತ್ಯ ಬೀಳಲಿಲ್ಲ. ಇದು ತುಕ್ಕನ್ನು ಕರಗಿಸುವುದಲ್ಲದೆ, ಕರಗಿದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮತ್ತೆ ಗೋಡೆಗೆ ಕೂರದಂತೆ ತಡೆಯುತ್ತದೆ. ಲೀಟರಿಗೆ 80 ಗ್ರಾಂ ಲೆಕ್ಕದಲ್ಲಿ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಹಿಡಿಯಿತು. ಬಿಸಿ ನೀರಿನಲ್ಲಿ ಇದರ ಕೆಲಸ ಬಹಳ ಚುರುಕು. ಬಚ್ಚಲ ಹಂಡೆಯಿಂದ ಕೈ ಸುಡುವ ನೀರನ್ನು ತಂದು ಹರಳು ಕದಡಿ, ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿ, ಕಂಬಳಿ ಹೊದಿಸಿ, ಹುಲ್ಲಿನ ಮೇಲೆ ಇಟ್ಟೆವು. ಬಾಯಿಯವರೆಗೂ ತುಂಬುವುದು ಮುಖ್ಯ: ಅರ್ಧ ತುಂಬಿದರೆ ನೀರಿನ ಅಂಚಿನಲ್ಲಿ ಗೆರೆ ಹೊಡೆದಂತೆ ಹೊಸ ತುಕ್ಕು ಬರುತ್ತದೆ. ಬಣ್ಣದ ಭಾಗಕ್ಕೆಲ್ಲ ಈ ಬಾರಿ ದಪ್ಪನಾಗಿ ವ್ಯಾಸಲೀನ್ ಬಳಿದಿದ್ದೆವು.

ದ್ರಾವಣ ಮೊದಲ ಗಂಟೆಯಲ್ಲಿಯೇ ಹಳದಿಯಾಗಿ, ಸಂಜೆಗೆ ಪಾಚಿ ಹಸಿರಾಗಿ, ಮರುದಿನ ಕಷಾಯದ ಬಣ್ಣಕ್ಕೆ ತಿರುಗಿತು. ಒಮ್ಮೆ ಅರ್ಧ ಭಾಗ ಚೆಲ್ಲಿ ಹೊಸ ಬಿಸಿ ದ್ರಾವಣ ಸೇರಿಸಿದೆವು. ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂಬುದಕ್ಕೆ ಗಡಿಯಾರಕ್ಕಿಂತ ಕಣ್ಣು ಮುಖ್ಯ. ತುಕ್ಕು ತೀರಿದ ಮೇಲೆ ಆಮ್ಲ ಬರಿಯ ಕಬ್ಬಿಣದ ಮೇಲೆ ಕೆಲಸ ಮಾಡತೊಡಗಿ ಸಣ್ಣ ಗುಳ್ಳೆಗಳು ಎಡೆಬಿಡದೆ ಏಳುತ್ತವೆ, ಅದು ಹೈಡ್ರೋಜನ್. ನಮ್ಮ ಟ್ಯಾಂಕಿನಲ್ಲಿ ಸುಮಾರು 30 ಗಂಟೆಗೆ ಆ ಲಕ್ಷಣ ಕಂಡಿತು. ಬಗ್ಗಿಸಿ ಸುರಿದು ನೋಡಿದರೆ ಒಳಗೋಡೆ ಸೀಸದ ಬೂದು ಬಣ್ಣಕ್ಕೆ ಬಂದಿತ್ತು. ಚೆಲ್ಲಿದ ದ್ರಾವಣಕ್ಕೆ ಬುರುಗು ನಿಲ್ಲುವವರೆಗೆ ಸೋಡಾ ಹಾಕಿ, ಬಾವಿಯಿಂದ ದೂರದಲ್ಲಿ ಇಂಗಿಸಿದೆವು.

ಇನ್ನು ನನ್ನ ತಪ್ಪು. ಟ್ಯಾಂಕನ್ನು ತೊಳೆದಾಗ ಸಂಜೆ ಆರು ಗಂಟೆ. ಕೂದಲು ಒಣಗಿಸುವ ಯಂತ್ರ ಹಚ್ಚಿ ಹತ್ತು ನಿಮಿಷವೂ ಆಗಿರಲಿಲ್ಲ, ಕರೆಂಟು ಹೋಯಿತು. ಬರುತ್ತದೆಂದು ಕಾದೆವು, ಬರಲಿಲ್ಲ. ಬೆಳಿಗ್ಗೆ ನೋಡಿದರೆ ಬೂದು ಬಣ್ಣದ ಗೋಡೆಯ ಮೇಲೆ ಅರಿಶಿನ-ಕುಂಕುಮ ಎರಚಿದ ಹಾಗೆ ಹೊಸ ತುಕ್ಕು. ಆಮ್ಲದಿಂದ ಎದ್ದ ಬರಿಯ ಕಬ್ಬಿಣ ಹಸಿ ಗಾಯವಿದ್ದಂತೆ. ಅದಕ್ಕೆ ನೀರು ಮತ್ತು ಗಾಳಿ ಒಟ್ಟಿಗೆ ತಗುಲಿದರೆ ಗಂಟೆಗಳಲ್ಲಿಯೇ ಕೆಂಪಾಗುತ್ತದೆ. ಆ ರಾತ್ರಿ ಟ್ಯಾಂಕಿನ ತುಂಬ ವಾಷಿಂಗ್ ಸೋಡಾ ಕದಡಿದ ನೀರು ತುಂಬಿಸಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ, ಏಕೆಂದರೆ ಕ್ಷಾರದ ನೀರಿನಲ್ಲಿ ಮುಳುಗಿರುವ ಕಬ್ಬಿಣ ತುಕ್ಕು ಹಿಡಿಯುವುದು ಬಲು ಅಪರೂಪ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಐದು ವರ್ಷದ ಹಿಂದೆ ಗ್ಯಾರೇಜಿನಲ್ಲಿಯೂ ಇಂಥದೇ ಒಂದು ಸಂಜೆ ಬಂದಿದ್ದು, ಅವರು ಈ ಕೆಂಪನ್ನು ಲೆಕ್ಕಿಸದೆ ಮೇಲೆ ಲೇಪ ಹಚ್ಚಿರಬೇಕೆಂದು ಆ ಬೆಳಿಗ್ಗೆ ನನಗೆ ಮೊದಲ ಬಾರಿಗೆ ಅನ್ನಿಸಿತು. ಅಲ್ಲಿಯವರೆಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ತೂತುಗಳು

ಮರುದಿನ ಕಾಕಿನ ರಂಧ್ರಕ್ಕೆ ರಬ್ಬರ್ ನಳಿಗೆ ಸಿಕ್ಕಿಸಿ, ಬಾಯಿಗೆ ರಬ್ಬರ್ ಹಾಳೆ ಬಿಗಿದು, ಹೊರಗೆಲ್ಲ ಸೋಪಿನ ನೊರೆ ಬಳಿದು, ಬಾಯಿಂದಲೇ ಊದಿ ನೋಡಿದೆವು. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಟ್ಯಾಂಕನ್ನು ಎಂದೂ ಜೋಡಿಸಬಾರದು; ಟ್ಯಾಂಕು ಒತ್ತಡ ತಡೆಯಲು ಮಾಡಿದ ಪಾತ್ರೆಯಲ್ಲ, ಚಪ್ಪಟೆ ಬದಿಗಳು ಕ್ಷಣದಲ್ಲಿ ಉಬ್ಬಿ ಹೋಗುತ್ತವೆ. ಎಡಬದಿಯ ತಳದ ಅಂಚಿನಲ್ಲಿ ಎರಡು ಕಡೆ, ನಡುಗಾಲುವೆಯ ಒಳಗೆ ಒಂದು ಕಡೆ ನೊರೆ ಮೆಲ್ಲನೆ ಉಬ್ಬಿತು. ಮೂರೂ ಗುಂಡುಸೂಜಿಯ ಮೊನೆಯಷ್ಟು ಸಣ್ಣವು. ವಿಚಿತ್ರವೆಂದರೆ ಈ ಟ್ಯಾಂಕು ಅದುವರೆಗೆ ಒಂದು ಹನಿಯನ್ನೂ ಸೋರಿರಲಿಲ್ಲ.

ಇದಕ್ಕೆ ಉತ್ತರ ಕೊಟ್ಟವರು ರೇಡಿಯೇಟರ್ ರಿಪೇರಿಯ ಹಿರಿಯ ಕೆಲಸಗಾರರೊಬ್ಬರು. ಟ್ಯಾಂಕನ್ನು ತಿರುಗಿಸಿ ನೋಡಿ, “ತುಕ್ಕೇ ಇಷ್ಟು ದಿನ ತೂತು ಮುಚ್ಚಿಕೊಂಡಿತ್ತು ಸಾರ್, ನೀವು ಅದನ್ನ ತೊಳೆದುಬಿಟ್ರಿ,” ಎಂದರು. ದಾರಿಯಲ್ಲಿ ಸೋರಿಕೆ ಕಂಡಾಗ ಬಟ್ಟೆ ಸೋಪನ್ನು ಉಜ್ಜಿ ಮನೆ ಸೇರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಸೋಪು ಪೆಟ್ರೋಲಿಗೆ ಕರಗುವುದಿಲ್ಲವಾದ್ದರಿಂದ ಅದು ನಿಲ್ಲುತ್ತದೆ, ಮೊದಲ ಮಳೆಗೆ ಹೋಗುತ್ತದೆ. ಶಾಶ್ವತ ದುರಸ್ತಿಗೆ ಲೋಹವೇ ಬೇಕು. ಲೇಪ ಸಣ್ಣ ತೂತನ್ನು ಮುಚ್ಚುತ್ತದೆಂದು ಅದರ ಡಬ್ಬಿಯ ಮೇಲೆ ಬರೆದಿರುತ್ತದೆ; ಆದರೆ ಅಲುಗಾಡುವ ಬೈಕಿನಲ್ಲಿ, ಎಂಜಿನ್ನಿನ ಮೇಲೆ ಕೂರುವ ಪೆಟ್ರೋಲನ್ನು ಬರಿಯ ಅಂಟಿನ ಭರವಸೆಯ ಮೇಲೆ ನಿಲ್ಲಿಸಲು ನನಗೆ ಮನಸ್ಸಿಲ್ಲ.

ಗ್ಯಾಸ್ ವೆಲ್ಡಿಂಗ್ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇ. 1.4ರಿಂದ 7.6ರವರೆಗೆ ಇದ್ದರೆ ಸಿಡಿಯುತ್ತದೆ, ಸಂದಿಯಲ್ಲಿ ಉಳಿದ ಒಂದು ಚಮಚ ಪೆಟ್ರೋಲು ಅಷ್ಟು ಆವಿಗೆ ಸಾಕು. ಟ್ಯಾಂಕಿಗೆ ಬೆಂಕಿ ತೋರಿಸಿ ಕೈ, ಕಣ್ಣು ಕಳೆದುಕೊಂಡವರ ಕಥೆ ಪ್ರತಿ ಊರಿನಲ್ಲಿಯೂ ಇದೆ. ಅಸಿಟೋನ್, ಸೋಪಿನ ನೀರು, ಒಂದೂವರೆ ದಿನದ ಬಿಸಿ ಆಮ್ಲ ಎಲ್ಲ ಕಂಡಿದ್ದ ಈ ಟ್ಯಾಂಕನ್ನೂ ಆ ಹಿರಿಯರು ನಂಬಲಿಲ್ಲ. ತೂತಿನ ಜಾಗ ಎಲ್ಲಕ್ಕಿಂತ ಮೇಲೆ ಬರುವಂತೆ ಟ್ಯಾಂಕನ್ನು ಓರೆಯಾಗಿ ನಿಲ್ಲಿಸಿ, ಅಲ್ಲಿಂದ ಎರಡು ಬೆರಳು ಕೆಳಗಿನವರೆಗೆ ನೀರು ತುಂಬಿಸಿದರು. ನೀರು ತಗಡಿಗೆ ತಾಗಿಯೇ ಇದ್ದರೆ ಕಾವು ನಿಲ್ಲದೆ ಬೆಸುಗೆ ಹಿಡಿಯುವುದಿಲ್ಲ. ಬಹಳ ಕೆಳಗಿದ್ದರೆ ಆವಿಗೆ ಜಾಗವಾಗುತ್ತದೆ. ಆ ಎರಡು ಬೆರಳಿನ ಲೆಕ್ಕ ಅವರ ಕೈಗೆ ಬಂದದ್ದು. ಹೊರಗಿನ ಬಣ್ಣ ಕೆರೆದು, ತಗಡು ಹೊಳೆಯುವವರೆಗೆ ಉಜ್ಜಿ, ಬೇರೆ ಕೋಣೆಯಲ್ಲಿ ಕಾಸಿ ತಂದ ದಪ್ಪ ತಾಮ್ರದ ಬೆಸುಗೆ ಸಲಾಕೆಯಿಂದ, ಜ್ವಾಲೆ ಟ್ಯಾಂಕಿನ ಹತ್ತಿರ ಸುಳಿಯದಂತೆ, ಮೂರು ಕಡೆಗೂ ಬೆಳ್ಳಗೆ ಬೆಸುಗೆ ಹರಿಸಿದರು. ಈ ಬಗೆಯ ತವರ-ಸೀಸದ ಬೆಸುಗೆ 190 ಡಿಗ್ರಿಯ ಆಸುಪಾಸಿನಲ್ಲಿ ಕರಗುವುದರಿಂದ ಸುತ್ತಲಿನ ಬಣ್ಣ ಹೆಚ್ಚು ಸುಡಲಿಲ್ಲ. ಮತ್ತೆ ಊದಿ ನೋಡಿದಾಗ ನೊರೆ ಕದಲಲಿಲ್ಲ.

ಒಳಲೇಪ

ತೂತು ಸಿಗದೆ ಹೋಗಿದ್ದರೆ ನಾನು ಈ ಟ್ಯಾಂಕಿಗೆ ಲೇಪವನ್ನೇ ಹಚ್ಚುತ್ತಿರಲಿಲ್ಲ. ತುಕ್ಕು ತೆಗೆದ ಟ್ಯಾಂಕಿಗೆ ಆಯಿಲ್ ಸವರಿ, ಪೆಟ್ರೋಲ್ ತುಂಬಿ, ವಾರಕ್ಕೆರಡು ಬಾರಿ ಓಡಿಸಿದರೆ ಅದು ವರ್ಷಗಟ್ಟಲೆ ಸರಿಯಾಗಿಯೇ ಇರುತ್ತದೆ. ಲೇಪವಾದರೋ, ಒಮ್ಮೆ ಹಚ್ಚಿದ ಮೇಲೆ ತೆಗೆಯುವುದು ಎಷ್ಟು ಕಷ್ಟವೆಂದು ಆಗಲೇ ನೋಡಿದ್ದಾಗಿತ್ತು. ಆದರೆ ಈ ತಳದಲ್ಲಿ ಕ್ಯಾಮೆರಾ ಇಟ್ಟಲ್ಲೆಲ್ಲ ಸಿಡುಬಿನ ಗುಳಿಗಳಿದ್ದು, ಮೂರು ತೂತು ಸಿಕ್ಕ ಜಾಗದಲ್ಲಿ ನಾಲ್ಕನೆಯದು ಹೊರಬರಲು ಎಷ್ಟು ಹೊತ್ತು. ಬೈಕೂ ಮಳೆಗಾಲವಿಡೀ ನಿಲ್ಲುವಂಥದು.

ಹೊಸ ತುಕ್ಕಿಗಾಗಿ ಎರಡು ಗಂಟೆ ಮತ್ತೊಮ್ಮೆ ಸಿಟ್ರಿಕ್ ಆಮ್ಲ ಕೊಟ್ಟೆವು. ಅದರಲ್ಲಿ ಬೆಸುಗೆ ಹಿಡಿಯಲೆಂದು ಹಚ್ಚಿದ್ದ ರಸವೂ ತೊಳೆದುಹೋಯಿತು. ಸೋಡಾ ನೀರು, ಶುದ್ಧ ನೀರು, ಆಮೇಲೆ ತೆಳುವಾದ ಫಾಸ್ಫಾರಿಕ್ ಆಮ್ಲ, ಈ ಕ್ರಮದಲ್ಲಿ ತೊಳೆದೆವು. ಫಾಸ್ಫಾರಿಕ್ ಆಮ್ಲ ಕಬ್ಬಿಣದ ಮೇಲೆ ಫಾಸ್ಫೇಟಿನ ಮಸುಕಾದ ಪೊರೆ ಬಿಡುತ್ತದೆ. ಅದು ಕೆಲ ಕಾಲ ತುಕ್ಕನ್ನು ತಡೆಯುತ್ತದೆ, ಲೇಪಕ್ಕೆ ಹಿಡಿತವನ್ನೂ ಕೊಡುತ್ತದೆ. ಕೊನೆಯಲ್ಲಿ ಸ್ಪಿರಿಟ್ ಹಾಕಿ ಕುಲುಕಿ, ಉಳಿದ ನೀರನ್ನು ಅದರೊಂದಿಗೆ ಹೊರಹಾಕಿದೆವು. ಸ್ಪಿರಿಟಿನ ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿನಲ್ಲಿ ಬಾಯಿ ತೆರೆದಿಟ್ಟು, ಆಮೇಲೆ ಒಣಗಿಸುವ ಯಂತ್ರವನ್ನು ಎರಡು ಗಂಟೆ ಹಚ್ಚಿದೆವು. ಈ ಬಾರಿ ಬೆಳಿಗ್ಗೆ ಎಂಟಕ್ಕೇ ಶುರುಮಾಡಿದ್ದೆವು. ಕಂಪ್ರೆಸರಿನ ಗಾಳಿ ಇಲ್ಲಿಯೂ ಬೇಡ, ಅದರಲ್ಲಿ ನೀರೂ ಇರುತ್ತದೆ, ಆಯಿಲೂ ಇರುತ್ತದೆ.

ಒಣಗಿದೆ ಎಂದು ಕೈಗೆ ಅನ್ನಿಸಿದರೆ ಸಾಲದು. ಬಾಯಿಗೆ ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟಿ ಅರ್ಧ ಗಂಟೆ ಬಿಸಿಲಿನಲ್ಲಿಟ್ಟೆವು. ಒಳಗೆ ತೇವವಿದ್ದರೆ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಮಂಜು ಕಟ್ಟುತ್ತದೆ. ಮೊದಲ ಬಾರಿ ಕಟ್ಟಿತು. ಮತ್ತೆ ಒಂದು ಗಂಟೆ ಬಿಸಿಗಾಳಿ ಕೊಟ್ಟ ನಂತರ ಕಟ್ಟಲಿಲ್ಲ.

ಲೇಪಕ್ಕೆ ಆರಿಸಿದ್ದು, ಎಥನಾಲ್ ಬೆರೆತ ಪೆಟ್ರೋಲನ್ನು ತಡೆಯುತ್ತದೆಂದು ತಯಾರಕರು ಸ್ಪಷ್ಟವಾಗಿ ಬರೆದಿದ್ದ, ಎರಡು ಡಬ್ಬಿಗಳನ್ನು ಬೆರೆಸಿ ಬಳಸುವ ಎಪಾಕ್ಸಿ. ಬೆರೆಸಿದ ಕೂಡಲೇ ಅದು ಗಟ್ಟಿಯಾಗಲು ಆರಂಭಿಸುವುದರಿಂದ ನಮ್ಮ ಕೈಯಲ್ಲಿ ಇಪ್ಪತ್ತೈದು ನಿಮಿಷಗಳಷ್ಟೇ ಇದ್ದವು. ಕಾಕಿನ ರಂಧ್ರದ ಮರೆಗೆ (ಬೋಲ್ಟು ತಿರುಗಿ ಕೂರುವ ಸುರುಳಿಗೆ) ಗ್ರೀಸ್ ಬಳಿದ ಬೋಲ್ಟು, ಬಾಯಿಗೆ ರಬ್ಬರ್ ಹಾಳೆ ಸಿದ್ಧವಿಟ್ಟುಕೊಂಡು, ಸುಮಾರು 300 ಮಿ.ಲೀ. ಸುರಿದು, ದೋಸೆ ಕಾವಲಿಗೆ ಎಣ್ಣೆ ಹರಡುವಂತೆ ಟ್ಯಾಂಕನ್ನು ನಿಧಾನವಾಗಿ ಎಲ್ಲ ಬದಿಗೂ ಹೊರಳಿಸಿದೆವು. ಅವಸರದಲ್ಲಿ ಕುಲುಕಿದರೆ ಗುಳ್ಳೆ ಬೀಳುತ್ತದೆ. ಹದಿನೈದು ನಿಮಿಷದ ಬಳಿಕ ಕ್ಯಾಮೆರಾ ಇಳಿಸಿ, ನಡುಗಾಲುವೆಯ ಹಿಂಬದಿಯವರೆಗೂ ಹೋಗಿದೆಯೆಂದು ನೋಡಿಕೊಂಡು, ಉಳಿದದ್ದನ್ನು ಕಾಕಿನ ರಂಧ್ರದಿಂದ ಇಳಿಸಿದೆವು. ತಳದಲ್ಲಿ ಲೇಪ ಮಡುಗಟ್ಟಿ ನಿಂತರೆ ಆ ದಪ್ಪ ಭಾಗ ಮುಂದೆ ಬಿರುಕು ಬಿಡುವ ಸಂಭವವಿದೆ. ಸುರಿಯುವಾಗ ಜಿಪುಣತನ ಮಾಡಿದವರು ಇಲ್ಲಿಯೇ ಮೋಸಹೋಗುತ್ತಾರೆ, ಉಳಿದದ್ದನ್ನು ಒಳಗೇ ಬಿಡುತ್ತಾರೆ. ಬೋಲ್ಟನ್ನು ಲೇಪ ಇನ್ನೂ ರಬ್ಬರಿನಂತಿದ್ದಾಗಲೇ ಬಿಚ್ಚಿ ಮರೆಗಳನ್ನು ಒರೆಸಿದೆವು. ಜನವರಿಯ ರಾತ್ರಿಗಳು ತಣ್ಣಗಿದ್ದುದರಿಂದ ಟ್ಯಾಂಕಿನ ಪಕ್ಕದಲ್ಲಿ 60 ವ್ಯಾಟಿನ ಬಲ್ಬು ಉರಿಸಿ, ನಾಲ್ಕು ದಿನ ಯಾರೂ ಮುಟ್ಟದಂತೆ ಅಟ್ಟದ ಮೇಲಿಟ್ಟೆವು.

ಆಮೇಲೆ

ಐದನೇ ದಿನ ಎರಡು ಲೀಟರ್ ಪೆಟ್ರೋಲ್ ಹಾಕಿ ಒಂದು ರಾತ್ರಿ ಬಿಟ್ಟು, ಬಿಳಿಯ ಬಟ್ಟೆಯ ಮೂಲಕ ಸೋಸಿದೆವು. ಬಟ್ಟೆಯ ಮೇಲೆ ಏನೂ ಉಳಿಯಲಿಲ್ಲ. ಟ್ಯಾಂಕು ಕೂರಿಸಿ, ಹೊಸ ಪೈಪು ಮತ್ತು ಹೊಸ ಮುಚ್ಚಳದ ರಬ್ಬರ್ ಹಾಕಿ, ಅದೇ ಎರಡು ಬಾಟಲಿಗಳ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಮೊದಲನೆಯದು 54 ಸೆಕೆಂಡಿಗೆ, ಎರಡನೆಯದು 56 ಸೆಕೆಂಡಿಗೆ ತುಂಬಿತು. ಮೆಕ್ಯಾನಿಕ್ ತೆಗೆದಿಟ್ಟಿದ್ದ ಹಳೆಯ ಕಾಯಿಲನ್ನು ಕುತೂಹಲಕ್ಕೆ ಮತ್ತೆ ಜೋಡಿಸಿ ಆಗುಂಬೆಯವರೆಗೆ ಹೋಗಿಬಂದೆವು; ಅದಕ್ಕೂ ಏನೂ ಆಗಿರಲಿಲ್ಲ.

ಮಳೆಗಾಲ ಕಳೆದು ದೀಪಾವಳಿಗೆ ಹೋದಾಗ ಟ್ಯಾಂಕನ್ನು ಪೂರ್ತಿ ಇಳಿಸಿ ಕ್ಯಾಮೆರಾದಿಂದ ಇಂಚಿಂಚೂ ನೋಡಿದೆ. ತಳ, ಬೆಸುಗೆಯ ಮೂರು ಜಾಗ, ನಡುಗಾಲುವೆಯ ಹಿಂಬದಿ, ಎಲ್ಲ ಕಡೆ ಲೇಪ ಗಾಜಿನಂತೆ ಗಟ್ಟಿಯಾಗಿದೆ. ಮುಚ್ಚಳದ ಕುತ್ತಿಗೆಯ ಒಳತುಟಿಯ ಅಡಿಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿದೆ. ಅಲ್ಲಿ ನಟ್ಟುಗಳೂ ತಾಗಿರಲಿಲ್ಲ, ಕುತ್ತಿಗೆಯವರೆಗೆ ಮಾತ್ರ ತುಂಬಿದ್ದ ಆಮ್ಲವೂ ಮುಟ್ಟಿರಲಿಲ್ಲ. ಅದರ ಪಕ್ಕದಲ್ಲಿ ಅಳತೆಗೆ ಬೆಂಕಿಕಡ್ಡಿ ಹಿಡಿದು ಫೋಟೊ ತೆಗೆದಿಟ್ಟಿದ್ದೇನೆ. ಯುಗಾದಿಗೆ ಹೋದಾಗ ಅದೇ ಕಡ್ಡಿಯ ಪಕ್ಕದಲ್ಲಿಟ್ಟು ಮತ್ತೊಮ್ಮೆ ನೋಡಬೇಕು.